ನಾಟ್ಯವು ಚಲಚ್ಚಿತ್ರವಾದ ಬಗೆ

ನಾಟ್ಯವು ಹುಟ್ಟಿದ ಕ್ಷಣದಲ್ಲಿಯೇ ಅಳಿಯತಕ್ಕ ಕಲೆಯು. ಕವಿಯ ಮಾತು ಓಲೆಯಲ್ಲಿ ಉಳಿಯುವುದು. ನರ್ತಕನ ಹೆಜ್ಜೆಯಾದರೋ ಗೆಜ್ಜೆಯ ನಾದದೊಡನೆಯೇ ಅಡಗಿಹೋಗುವುದು. ಅಳಿಯುವ ಈ ಕಲೆಯನ್ನು ಅಳಿಯದ ವಸ್ತುವಿನಲ್ಲಿ ನೆಲೆಗೊಳಿಸಬೇಕೆಂಬ ಹಂಬಲವು ಕನ್ನಡ ನಾಡಿನಲ್ಲಿ ಬಹು ಪ್ರಾಚೀನವಾದುದು. 6ನೆಯ ಶತಮಾನದಲ್ಲಿ ಚಾಲುಕ್ಯರ ಶಿಲ್ಪಿಗಳು ಬಾದಾಮಿಯ ಮೊದಲನೆಯ ಗುಹಾಲಯದ ಬಳಿ ತಾಂಡವಮೂರ್ತಿಯಾದ ಶಿವನನ್ನು ಬಂಡೆಯಲ್ಲಿ ಕಡೆದರು. ಆ ಮೂರ್ತಿಗೆ 18 ತೋಳುಗಳುಂಟು. ಒಂದಾದಮೇಲೊಂದರಂತೆ ತೋರಬೇಕಾದ ಹಸ್ತಮುದ್ರೆಗಳೆಲ್ಲವೂ ಅಲ್ಲಿ ಏಕಕಾಲದಲ್ಲಿ ಕಣ್ಣಿಗೆ ಬೀಳುವುವು. ಶಿಲ್ಪಿಯು ನಾಟ್ಯವನ್ನು ಕಂಡಂತೆ ನಕಲುಮಾಡಲಿಲ್ಲ. ಕಲ್ಲಿನ ಗುಣವನ್ನರಿತು ಅದನ್ನು ಹೊಸದಾಗಿ ಭಾವಿಸಿದನು. ಮೂರ್ತಿಯು ಇಂದಿಗೂ ಚಲಿಸುವಂತೆ ತೋರುವುದಕ್ಕೆ ಇದೇ ಕಾರಣವು.

ಹದಿಮೂರು ಶತಮಾನಗಳು ಕಳೆದ ಮೇಲೆ ಚಲಚ್ಚಿತ್ರವು ಬಂದಾಗ ಇದೇ ಪ್ರಶ್ನೆಯು ಬೇರೊಂದು ರೂಪದಲ್ಲಿ ಮರಳಿ ಬಂದಿತು. ರಂಗದ ಮುಂದೆ ಕುಳಿತವನು ನರ್ತಕನನ್ನು ಅಡಿಯಿಂದ ಮುಡಿಯವರೆಗೆ ಕಾಣುವನು. ತನಗೆ ಬೇಕಾದೆಡೆಗೆ ದೃಷ್ಟಿಯನ್ನು ತಾನೇ ಹೊರಳಿಸುವನು. ಚಿತ್ರಯಂತ್ರಕ್ಕೆ ಇರುವುದು ಒಂದೇ ಕಣ್ಣು. ಅದು ಮುಖವನ್ನು ಹತ್ತಿರಕ್ಕೆ ತಂದರೆ ಪಾದವು ಮರೆಯಾಗುವುದು. ದೂರ ಸರಿದರೆ ಕಣ್ಣಿನ ಭಾವವು ಮಸುಳುವುದು. ಆದುದರಿಂದ ರಂಗದ ಮುಂದೆ ಯಂತ್ರವನ್ನು ನಿಲ್ಲಿಸಿದ ಮಾತ್ರಕ್ಕೆ ನಾಟ್ಯವು ಚಿತ್ರವಾಗಲಾರದು.

ಈ ಕಾರ್ಯಕ್ಕೆ ಕೈಯಿಕ್ಕಿದವರಲ್ಲಿ ಬೆಂಗಳೂರಿನಲ್ಲಿ ಜನಿಸಿದ ರಾಮಗೋಪಾಲರೂ ಒಬ್ಬರು. ಅವರು ಕುಂಜು ಕುರುಪ್ಪರಲ್ಲಿ ಕಥಕಳಿಯನ್ನೂ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಭರತನಾಟ್ಯವನ್ನೂ ಕಲಿತು, 1939ರಲ್ಲಿ ಲಂಡನ್ ನಗರದ ರಂಗಮಂದಿರದಲ್ಲಿ ನರ್ತಿಸಿ ಪಾಶ್ಚಾತ್ಯರ ಮನ್ನಣೆಯನ್ನು ಪಡೆದರು. ಭಾರತದಲ್ಲಿ ಜನಿಸಿದ ಸಾರಾ ಎರುಲ್ಕರ್ ಎಂಬಾಕೆಯು ಶೆಲ್ ಸಂಸ್ಥೆಯ ಚಿತ್ರವಿಭಾಗಕ್ಕಾಗಿ ಅವರ ನಾಟ್ಯವನ್ನು ಕುರಿತು ಒಂದು ಕಿರುಚಿತ್ರವನ್ನು ನಿರ್ದೇಶಿಸಿದರು. 1948ರ ಆ ಚಿತ್ರದ ಹೆಸರಿನ ಅರ್ಥವು ‘ಶಿವನು ನರ್ತಿಸಿದನು’ ಎಂಬುದು. ರಾಮಗೋಪಾಲರು 2003ರಲ್ಲಿ ತೀರಿಕೊಂಡರು. ಅವರನ್ನು ರಂಗದ ಮೇಲೆ ಕಾಣದವರಿಗೂ ಅವರ ನಾಟ್ಯದ ಗುರುತು ಉಳಿದಿರುವುದು ಇಂತಹ ಚಿತ್ರದಿಂದಲೇ.

ಅದೇ 1948ರಲ್ಲಿ ಉದಯಶಂಕರರ ‘ಕಲ್ಪನಾ’ ಚಿತ್ರವು ಹೊರಬಂದಿತು. ಹಿಮಾಲಯದ ಅಲ್ಮೋರದಲ್ಲಿ ಅವರು ಸ್ಥಾಪಿಸಿದ್ದ ಕಲಾಕೇಂದ್ರವು ಆ ವೇಳೆಗೆ ಮುಚ್ಚಿಹೋಗಿದ್ದಿತು. ತಮ್ಮ ಕಲೆಯೂ ಅದರೊಡನೆ ಮರೆಯಾಗಬಾರದೆಂಬಂತೆ, ಅವರು ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ಈ ಚಿತ್ರವನ್ನು ನಿರ್ಮಿಸಿದರು. ಶ್ರಮಿಕರು ತಾವೇ ಯಂತ್ರದ ಭಾಗಗಳಾಗುವ ಅವರ ಹಿಂದಿನ ನೃತ್ಯವು ಇಲ್ಲಿ ಬೆಳಕು, ನೆರಳು, ಒಂದರ ಮೇಲೊಂದು ಕೂಡುವ ಬಿಂಬಗಳಿಂದ ಹೊಸ ಜನ್ಮವನ್ನೇ ತಾಳಿತು. ತನ್ನ ಕಥೆಯನ್ನು ಚಿತ್ರವಾಗಿಸೆಂದು ಲೇಖಕನೊಬ್ಬನು ನಿರ್ಮಾಪಕನ ಬಾಗಿಲಿಗೆ ಬರುವುದೇ ಇದರ ಕಥಾರಂಭವು, ನಿರ್ಮಾಪಕನು ಒಪ್ಪನು. ನಿಜಜೀವನದಲ್ಲಿಯೂ ಚಿತ್ರವು ಹಣವನ್ನು ಗಳಿಸಲಿಲ್ಲ. ಆದರೂ 2012ರಲ್ಲಿ ಅದರ ಪ್ರತಿಯನ್ನು ಜೀರ್ಣೋದ್ಧಾರ ಮಾಡಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು. ಮುಚ್ಚಿದ ಕಲಾಕೇಂದ್ರವು ಮತ್ತೆ ತೆರೆಯಲಿಲ್ಲ. ಅಲ್ಲಿ ಬೆಳೆದ ಕಲೆಯು ಚಿತ್ರದಲ್ಲಿ ಉಳಿಯಿತು.

ಕಲ್ಲೂರು, ಮಾನವಿ, ದೇವದುರ್ಗದ ಸೀಮೆಯ ಭಕ್ತರಿಗೆ ಈ ವೃತ್ತಾಂತವು ದೂರದ್ದೆಂದು ತೋರಬೇಕಾಗಿಲ್ಲ. ರಾಯಚೂರು ಪ್ರಾಂತವು ಬಯಲಾಟದ ನೆಲವು. ಕಿರೀಟ ಭುಜಕೀರ್ತಿಗಳನ್ನು ಧರಿಸಿದ ವೇಷಧಾರಿಯು ಅಟ್ಟದ ಹಲಗೆಗಳು ಗುಡುಗುವಂತೆ ಹೆಜ್ಜೆಯಿಕ್ಕುವಾಗ, ಹಿಮ್ಮೇಳದವರು ಮದ್ದಳೆಯ ಗತಿಗೆ ಪದವನ್ನೆತ್ತಿ ಹಾಡುವಾಗ, ಊರಿಗೆ ಊರೇ ಬೆಳಗಿನವರೆಗೆ ಕುಳಿತು ನೋಡುವ ಆಟವದು. ಅದರ ಕುಣಿತವನ್ನು ಗುರುವಿನ ಎದುರಿನಲ್ಲಿ ನಿಂತು ಕಾಲಿನಿಂದಲೇ ಕಲಿಯಬೇಕು. ಬರೆದಿಟ್ಟ ಪದಗಳಿಂದ ಹೆಜ್ಜೆಯು ತಿಳಿಯದು. ಬಲ್ಲ ಹಿರಿಯನೊಬ್ಬನು ಕಣ್ಮರೆಯಾದರೆ ಆತನ ಹೆಜ್ಜೆಯೂ ಆತನೊಡನೆಯೇ ಹೋಗುವುದು.

ಈಗ ಚಿತ್ರಯಂತ್ರವು ಕೈಯಲ್ಲಿ ಹಿಡಿಯುವಷ್ಟು ಸುಲಭವಾಗಿದೆ. ಆದರೆ ಜಾತ್ರೆಯ ಗದ್ದಲದಲ್ಲಿ ಅಲ್ಲೊಂದು ಇಲ್ಲೊಂದು ತುಣುಕನ್ನು ಹಿಡಿದರೆ ಆಟವು ಉಳಿದಂತಾಗದು. ಪಾದದ ಗತಿಯನ್ನೊಮ್ಮೆ, ಮುಖದ ಭಾವವನ್ನೊಮ್ಮೆ, ಹಿಮ್ಮೇಳವನ್ನೊಮ್ಮೆ, ಎದುರಿಗೆ ಕುಳಿತ ಊರನ್ನೊಮ್ಮೆ, ಹೀಗೆ ಬಲ್ಲವರ ಮಾತನ್ನು ಕೇಳಿ ಕ್ರಮವಾಗಿ ಚಿತ್ರಿಸಬೇಕು. ಬಾದಾಮಿಯ ಶಿಲ್ಪಿಯು ಕಲ್ಲಿನ ಗುಣವನ್ನರಿತಂತೆ ಯಂತ್ರದ ಗುಣವನ್ನರಿತವರು ಇದಕ್ಕೆ ಬೇಕು. ಹಿರಿಯ ಕಲಾವಿದರ ಕಾಲಿನಲ್ಲಿ ಕಸುವಿರುವಾಗಲೇ ಊರೂರಿನ ಭಕ್ತರು ಈ ಸೇವೆಯನ್ನು ಕೈಕೊಳ್ಳುವುದು ಯುಕ್ತವಾಗಿದೆ.