ಬಿಡದ ಬೇರಿಂಗು ಮತ್ತು ನಮ್ಮ ಸೀಮೆಯ ಗ್ಯಾರೇಜುಗಳು



ಎತ್ತಿನ ಗಾಡಿಯ ಚಕ್ರವನ್ನು ಕಳಚಲು ಕಡಾಣಿಯೊಂದನ್ನು ಕಿತ್ತರೆ ಸಾಕು. ಗಾಡಿ ಕಟ್ಟಿದವನೇ ಅದನ್ನು ಕಳಚುವ ದಾರಿಯನ್ನೂ ಇಟ್ಟಿರುತ್ತಾನೆ. ಆದರೆ ಲಾರಿಯ ಗೇರ್‌ಬಾಕ್ಸಿನೊಳಗಿನ ಬೇರಿಂಗನ್ನು ಹಿಡಿದಿಡುವುದು ಬಿಗಿತ. ಸರ್ಕ್ಲಿಪ್ ಇದ್ದರೂ ಅದು ಪಕ್ಕಕ್ಕೆ ಜರುಗದಂತೆ ಕಾಯುವ ಕಾವಲುಗಾರ ಮಾತ್ರ. ಬೇರಿಂಗಿನ ತೂತು ಶಾಫ್ಟಿಗಿಂತ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿನಷ್ಟು ಕಿರಿದಾಗಿರುತ್ತದೆ. ಅಷ್ಟೇ ಬಿಗಿತವು ವರ್ಷಗಟ್ಟಲೆ ಓಡಿದ ಮೇಲೆ ಎಂಥ ಬಲಶಾಲಿಯನ್ನೂ ಬೆವರಿಳಿಸುತ್ತದೆ. ಅದನ್ನು ಬಿಡಿಸುವ ವಿದ್ಯೆಯ ಚರಿತ್ರೆಯನ್ನು ಇಂದು ಸ್ವಲ್ಪ ನೋಡೋಣ.

ಗುಂಡುಗಳ ಮೇಲೆ ಅಚ್ಚನ್ನು ತಿರುಗಿಸುವ ಉಪಾಯಕ್ಕೆ ವೇಲ್ಸ್ ದೇಶದ ಫಿಲಿಪ್ ವಾನ್ 1794ರಲ್ಲಿ ಪೇಟೆಂಟ್ ಪಡೆದನು. ಅವನ ಕಣ್ಣಮುಂದೆ ಇದ್ದುದು ಕುದುರೆಗಾಡಿಯ ಅಚ್ಚು. ಒಂದೇ ಅಳತೆಯ ಉಕ್ಕಿನ ಗುಂಡುಗಳನ್ನು ಅರೆಯುವ ಯಂತ್ರವನ್ನು ಜರ್ಮನಿಯ ಷ್ವೈನ್‌ಫುರ್ಟಿನ ಫ್ರೀಡ್ರಿಷ್ ಫಿಷರ್ 1883ರಲ್ಲಿ ರೂಪಿಸಿದನು. ಸ್ವೀಡನ್ನಿನ ಬಟ್ಟೆ ಗಿರಣಿಯೊಂದರಲ್ಲಿ ಎಂಜಿನಿಯರಾಗಿದ್ದ ಸ್ವೆನ್ ವಿಂಗ್‌ಕ್ವಿಸ್ಟ್, ಜೇಡಿಮಣ್ಣಿನ ನೆಲ ಕುಸಿದು ಯಂತ್ರದ ದಂಡಗಳು ಓರೆಯಾಗುವುದನ್ನು ಕಂಡು, ತಾನೇ ಹೊಂದಿಕೊಳ್ಳುವ ಬೇರಿಂಗನ್ನು 1907ರಲ್ಲಿ ರಚಿಸಿದನು. ಎಸ್‌ಕೆಎಫ್ ಸಂಸ್ಥೆ ಹುಟ್ಟಿದ್ದು ಹಾಗೆ.

ನಮ್ಮ ಸೀಮೆಗೆ ಗೌರಿಬಿದನೂರಿನ ರೈಲು 1890ರ ದಶಕದಲ್ಲಿ ಬಂತು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಕೋಲಾರದೊಡನೆ ಬೆಸೆದ ಎರಡೂವರೆ ಅಡಿ ಹಳಿಯ ಕಿರುರೈಲು 1910ರ ದಶಕದ್ದು. ಆ ಕಾಲದ ರೈಲುಗಾಡಿಗಳ ಅಚ್ಚು ಸಾಮಾನ್ಯವಾಗಿ ಎಣ್ಣೆಯಲ್ಲಿ ತೊಯ್ದ ಲೋಹದ ಮೆತ್ತೆಯ ಮೇಲೆ ತಿರುಗುತ್ತಿತ್ತು. ಗುಂಡಿನ ಬೇರಿಂಗು ಊರೂರಿಗೆ ಬಂದದ್ದು ಬಸ್ಸು, ಲಾರಿಗಳೊಡನೆ. ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿಯೇ ಭಾರತದಲ್ಲಿ ಮೋಟಾರು ಕಾರ್ಖಾನೆಯೊಂದು ಆಗಬೇಕೆಂದು ಯೋಜನೆ ಸಿದ್ಧಪಡಿಸಿದ್ದರು. ಬ್ರಿಟಿಷ್ ಆಡಳಿತದ ಬೆಂಬಲ ದೊರೆಯಲಿಲ್ಲ. ಮೈಸೂರು ಸರ್ಕಾರದ ಬಸ್ಸು ಇಲಾಖೆ 1948ರ ಸೆಪ್ಟೆಂಬರಿನಲ್ಲಿ 120 ಬಸ್ಸುಗಳೊಡನೆ ಆರಂಭವಾಯಿತು. ಖಾಸಗಿ ಬಸ್ಸುಗಳು ಅದಕ್ಕೂ ಮೊದಲೇ ಓಡುತ್ತಿದ್ದವು. ವಾಹನ ಕೆಟ್ಟರೆ ಕಾಯುವಂತಿಲ್ಲ. ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುವ ರೇಷ್ಮೆಗೂಡನ್ನು ಹೆಚ್ಚು ದಿನ ಇಡಲಾಗದು, ಚಿಂತಾಮಣಿಯ ಟೊಮೆಟೊವನ್ನಂತೂ ಇಡಲೇ ಆಗದು. ಆದುದರಿಂದಲೇ ಹೆದ್ದಾರಿಯ ಬದಿಯಲ್ಲಿ ಗ್ಯಾರೇಜುಗಳು ಬೆಳೆದವು.

ಅಲ್ಲಿ ಬೇರಿಂಗನ್ನು ಬಿಡಿಸುವ ವಿಧಾನಗಳು ಮುಖ್ಯವಾಗಿ ಮೂರು. ಮೂರೂ ನಮ್ಮ ವಿಜ್ಞಾನದ ಪಾಠಗಳಲ್ಲಿ ಇರುವಂಥವೇ.

ಮೊದಲನೆಯದು ತಿರುಪು. ಶಾಫ್ಟಿನ ಮೇಲೆ ಕುಳಿತ ಬೇರಿಂಗಿನ ಒಳ ಉಂಗುರದ ಹಿಂದೆ ಪುಲ್ಲರಿನ ಕೊಕ್ಕೆಗಳನ್ನು ಸಿಕ್ಕಿಸಿ, ನಡುವಿನ ತಿರುಪಿನಿಂದ ಶಾಫ್ಟಿನ ತುದಿಯನ್ನು ಒತ್ತುತ್ತಾರೆ. ನಿಯಮ ಒಂದೇ: ಯಾವ ಉಂಗುರ ಬಿಗಿಯಾಗಿದೆಯೋ ಬಲವು ಆ ಉಂಗುರದ ಮೇಲೆಯೇ ಬೀಳಬೇಕು. ಹೊರ ಉಂಗುರವನ್ನು ಎಳೆದರೆ ಬಲವೆಲ್ಲ ಗುಂಡುಗಳ ಮೂಲಕ ಹಾದು ಓಟದ ದಾರಿಯಲ್ಲಿ ಗುಳಿ ಬೀಳುತ್ತದೆ. ಲೋಹದ ಗಡಸುತನವನ್ನು ಗುಂಡಿನಿಂದ ಒತ್ತಿ ಅಳೆಯುವ ಕ್ರಮವನ್ನು 1900ರಲ್ಲಿ ತಂದ ಸ್ವೀಡನ್ನಿನ ಬ್ರಿನೆಲ್ ಎಂಬವನ ಹೆಸರಿನಿಂದಲೇ ಇಂಥ ಗುಳಿಗಳನ್ನು ಕರೆಯುತ್ತಾರೆ. ಹಾಗೆ ತೆಗೆದ ಬೇರಿಂಗನ್ನು ಮತ್ತೆ ಹಾಕಬಾರದು.

ಎರಡನೆಯದು ಕಾವು. ಗುಂಡೂ ಉಂಗುರವೂ ಇರುವ ಗ್ರಾವೆಸಾಂಡನ ಉಪಕರಣವನ್ನು ಶಾಲೆಯಲ್ಲಿ ಕಂಡವರಿಗೆ ಇದು ಹೊಸತಲ್ಲ. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಸಿ ತೊಡಿಸಿ, ನೀರು ಸುರಿದು ಬಿಗಿಯಿಸುತ್ತಿದ್ದ ಕಮ್ಮಾರನಿಗೂ ಹೊಸತಲ್ಲ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಇಮ್ಮಡಿ ಹಿಗ್ಗುತ್ತದೆ. 80 ಮಿ.ಮೀ. ಅಗಲದ ಕುಳಿಯ ಉಷ್ಣತೆ 75 ಡಿಗ್ರಿ ಏರಿದರೆ ಕುಳಿ ಸುಮಾರು 0.14 ಮಿ.ಮೀ. ಹಿಗ್ಗುತ್ತದೆ, ಒಳಗಿನ ಉಕ್ಕಿನ ಬೇರಿಂಗು ಅಷ್ಟೇ ಬಿಸಿಯಾದರೂ ಅದರ ಅರ್ಧದಷ್ಟೇ ಹಿಗ್ಗುತ್ತದೆ. ಉಳಿದ ಅರ್ಧವೇ ಬಿಡುಗಡೆಯ ದಾರಿ. ಎರಕದ ಕಬ್ಬಿಣದ ಕವಚಕ್ಕೆ ಈ ಲಾಭವಿಲ್ಲ. ಅಲ್ಲಿ ಒಳಗು ಕಾಯುವ ಮುನ್ನ ಹೊರಗನ್ನು ಬೇಗನೆ ಕಾಯಿಸಬೇಕಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಸೊಗಸಿನದು. ಕ್ರ್ಯಾಂಕ್‌ಶಾಫ್ಟಿನ ತುದಿಯ ಕುಳಿಯಲ್ಲಿ ಗೇರ್‌ಬಾಕ್ಸಿನ ದಂಡಕ್ಕೆ ಆಸರೆಯಾಗಿರುವ ಪೈಲಟ್ ಬೇರಿಂಗಿನ ಹಿಂದೆ ಪುಲ್ಲರು ಸೇರಲು ಜಾಗ ಸಾಲದು. ಆ ಕುಳಿಗೆ ಗ್ರೀಸು ತುಂಬಿ, ತೂತಿಗೆ ಸರಿಯಾಗಿ ಹೊಂದುವ ಕಂಬಿಯನ್ನಿಟ್ಟು ಸುತ್ತಿಗೆಯಿಂದ ಹೊಡೆಯುತ್ತಾರೆ. ಹೋಗಲು ಎಡೆಯಿಲ್ಲದ ಗ್ರೀಸು ಬೇರಿಂಗನ್ನೇ ಹಿಂದಿನಿಂದ ಹೊರಗೆ ನೂಕುತ್ತದೆ. ಹದಿನೇಳನೆಯ ಶತಮಾನದ ಪಾಸ್ಕಲನ ನಿಯಮ ಅದು!

ಈ ಮೂರನ್ನೂ ಬಿಟ್ಟು ಉಕ್ಕಿನ ಸುತ್ತಿಗೆಯಿಂದ ಗಡಸು ಉಂಗುರಕ್ಕೆ ನೇರವಾಗಿ ಹೊಡೆದರೆ ಚೂರು ಸಿಡಿದು ಕಣ್ಣಿಗೆ ಬೀಳಬಹುದು. ಗ್ಯಾರೇಜು ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳು ತಮ್ಮಲ್ಲಿ ಕೆಲಸ ಕಲಿಯುವ ಹುಡುಗರಿಗೆ ಕನ್ನಡಕ ಕೊಡಿಸಬೇಕೆಂಬುದು ಈ ಮುದುಕನ ಪ್ರಾರ್ಥನೆ. ಎಷ್ಟೇ ಅವಸರವಿದ್ದರೂ ಹೋದ ಕಣ್ಣು ಮರಳಿ ಬಾರದು.

ಹತ್ತನೆಯ ತರಗತಿಯಲ್ಲಿ ನಪಾಸಾಗಿ ಗ್ಯಾರೇಜು ಸೇರಿದವನನ್ನು ದಡ್ಡನೆಂದು ಕರೆಯುವ ಮನೆಗಳು ಈಗಲೂ ಇವೆ. ತಿರುಪು, ಕಾವು, ದ್ರವದ ಒತ್ತಡ ಇವು ಮೂರನ್ನೂ ಕೈಯಲ್ಲಿ ತಿಳಿದವನು ದಡ್ಡನಾಗುವುದು ಹೇಗೆ? ವಿದ್ಯುತ್ ವಾಹನಗಳಲ್ಲಿ ಬಹುತೇಕ ಕೈಯಿಂದ ಬದಲಿಸುವ ಗೇರುಗಳೇ ಇಲ್ಲ. ಈ ಕೆಲಸದ ಮಾತುಗಳೂ ಉಪಾಯಗಳೂ ಬರೆದಿಡದೆ ಮರೆಯಾಗಬಹುದು. ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕುವ ನಮ್ಮ ಸೀಮೆಯವರು, ಅಂದು ಎಣ್ಣೆಗೈಯ ಈ ಎಂಜಿನಿಯರುಗಳನ್ನೂ ನೆನೆಯಲಿ. ನಿಮ್ಮಲ್ಲಿ ಬಲ್ಲವರು ನಿಮ್ಮ ಉಪಾಯಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಕಾಗುಣಿತ ನಾನು ತಿದ್ದಿಕೊಡುತ್ತೇನೆ.