ವಂತಿಗೆಯಿಂದ ಮನೆ ಕಂದಾಯದವರೆಗೆ

ನಮ್ಮ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಚರಿತ್ರೆಯ ಬಗ್ಗೆ ಏನಾದರೂ ಬರೆದುಕೊಡಿ ಎಂದು ಆಡಳಿತ ಮಂಡಳಿಯವರು ಕೇಳಿದರು. ದೇವಸ್ಥಾನದ ಕಥೆ, ಕೆರೆಯ ಕಥೆ ಬರೆಯಲು ನಮಗಿಂತ ಬಲ್ಲ ಹಿರಿಯರಿದ್ದಾರೆ. ಹಾಗಾಗಿ ನಾವು ಯಾರಿಗೂ ಅಷ್ಟಾಗಿ ಇಷ್ಟವಿಲ್ಲದ ಒಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ಅದು ತೆರಿಗೆ. ಊರಿಗೆ ಬೇಕಾದ ಕೆಲಸಕ್ಕೆ ದುಡ್ಡು ಎಲ್ಲಿಂದ ಬರುತ್ತಿತ್ತು, ಎಷ್ಟು ಕೊಡಬೇಕು ಅಂತ ಯಾರು ತೀರ್ಮಾನ ಮಾಡುತ್ತಿದ್ದರು ಎಂಬುದರ ಕಥೆ. ಸಂಘದ ಮಹಾಸಭೆಯಲ್ಲಿ ಕಾಫಿ ತಿಂಡಿಯ ಖರ್ಚಿಗೂ ಎದ್ದು ನಿಂತು ಲೆಕ್ಕ ಕೇಳುವ ನಮ್ಮ ಸದಸ್ಯರಲ್ಲಿ ಗ್ರಾಮ ಪಂಚಾಯಿತಿಯ ಅಂದಾಜು ಪತ್ರಿಕೆಯನ್ನು ಕಣ್ಣಾರೆ ಕಂಡವರು ಬಹಳ ಕಡಿಮೆ. ನಾವೂ ಬಹಳ ವರ್ಷ ಕಂಡವರಲ್ಲ. ಆದ್ದರಿಂದ ಇದು ಬೇರೆಯವರನ್ನು ಬೈಯಲು ಬರೆದದ್ದಲ್ಲ.

ನಮ್ಮ ಅಜ್ಜಂದಿರ ಕಾಲಕ್ಕೆ ಊರಿನ ಕೆಲಸಕ್ಕೆ ಸಂಬಳ ಎಂಬುದು ಇರಲಿಲ್ಲ, ಆಯ ಇತ್ತು. ಸುಗ್ಗಿಯಲ್ಲಿ ಕಣದ ರಾಶಿ ಪೂಜೆಯಾದ ಮೇಲೆ ಬಡಗಿ, ಕಮ್ಮಾರ, ಕುಂಬಾರ, ಮಡಿವಾಳ, ನೀರುಗಂಟಿ, ತಳವಾರ, ತೋಟಿ ಹೀಗೆ ಆಯಗಾರರಿಗೆಲ್ಲ ಮೊರದಲ್ಲಿ ಅಳೆದು ಕೊಡುವುದು. ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಅಂತ ಬಿಡುತ್ತಿದ್ದವನು ನೀರುಗಂಟಿ. ಅವನಿಗೆ ಕೊಟ್ಟ ಭತ್ತ ಯಾಕೆ ಕೊಟ್ಟದ್ದು ಎಂದು ಮಕ್ಕಳಿಗೂ ಗೊತ್ತಿತ್ತು. ಆ ಕಾಲ ಚೆನ್ನಾಗಿತ್ತು ಎಂದು ಹೇಳಲು ಮಾತ್ರ ನಮಗೆ ಮನಸ್ಸು ಬರುವುದಿಲ್ಲ. ತೋಟಿ ತಳವಾರರ ಮನೆತನದವರು ತಲೆತಲಾಂತರ ಬಿಟ್ಟಿ ಚಾಕರಿ ಮಾಡಿದರು, ಯಾರಿಗೆ ಎಷ್ಟು ಆಯ ಎನ್ನುವ ಮಾತಿನಲ್ಲಿ ಅವರಿಗೆ ಬಾಯಿ ಇರಲಿಲ್ಲ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದು ಮಾಡಿದ ಕಾಯಿದೆ 1961ರದು. ಶಾನುಭೋಗಿಕೆ, ಪಟೇಲಿಕೆ, ತೋಟಿ ತಳವಾರಿಕೆ ಎಲ್ಲ ಅದರೊಂದಿಗೆ ಹೋದವು.

ಆಯದ ಜೊತೆಗೆ ಇದ್ದದ್ದು ವಂತಿಗೆ. ಅದು ಇವತ್ತಿಗೂ ಇದೆ. ಜಾತ್ರೆ ಬಂತೆಂದರೆ ಅರಳಿಕಟ್ಟೆಯಲ್ಲಿ ಸಭೆ, ಒಕ್ಕಲಿಗೆ ಇಷ್ಟು ಅಂತ ತೀರ್ಮಾನ. ತೇರು ಮುಗಿದ ಮೇಲೆ ಅದೇ ಕಟ್ಟೆಯಲ್ಲಿ ಲೆಕ್ಕ ಓದುವುದು, ಎಣ್ಣೆ ಎಷ್ಟು, ಹೂವು ಎಷ್ಟು, ವಾಲಗದವರಿಗೆ ಎಷ್ಟು. ಜಗಳ ಆಗದ ವರ್ಷವಿಲ್ಲ. ಆದರೂ ವಂತಿಗೆ ಕೊಡದ ಮನೆಯೂ ಇಲ್ಲ. ಶಾಲೆಯ ಕೊಠಡಿ ಎಬ್ಬಿಸಿದ್ದು, ಸೇದುವ ಬಾವಿ ತೋಡಿದ್ದು ಎಷ್ಟೋ ಊರುಗಳಲ್ಲಿ ವಂತಿಗೆಯಿಂದಲೇ.

ಸರ್ಕಾರದ ತೆರಿಗೆಯ ದಾರಿ ಬೇರೆ. ಭೂಕಂದಾಯವಲ್ಲದೆ ಮನೆ, ಅಂಗಡಿ, ಮಗ್ಗ, ಗಾಣಗಳ ಮೇಲೆ ಮೊಹತರ್ಫಾ ಎಂಬ ತೆರಿಗೆ ಮೈಸೂರು ಸೀಮೆಯಲ್ಲಿ ಇತ್ತು. ಕೊಟ್ಟದ್ದು ಖಜಾನೆಗೆ ಹೋಯಿತು, ಊರಿಗೆ ಏನು ಬಂತು ಎಂದು ಕೇಳುವ ಹಾಗಿರಲಿಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಮುಂಬಯಿ ಪ್ರಾಂತದಲ್ಲಿ, ಅಂದರೆ ನಮ್ಮ ಧಾರವಾಡ ಬೆಳಗಾವಿ ಕಡೆಯೂ ಸೇರಿ, 1869ರ ಕಾಯಿದೆಯಂತೆ ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆ ಸ್ಥಳೀಯ ಕರ ಸೇರಿಸಿ ವಸೂಲು ಮಾಡುತ್ತಿದ್ದರು. ರಸ್ತೆಗೆ, ಶಾಲೆಗೆ ಎಂದು. ಹೆಸರು ಸ್ಥಳೀಯ ಕರವಾದರೂ ಖರ್ಚಿನ ತೀರ್ಮಾನ ಕಲೆಕ್ಟರ ಕಚೇರಿಯದು. 1882ರ ಮೇ ತಿಂಗಳಲ್ಲಿ ಲಾರ್ಡ್ ರಿಪ್ಪನ್ ಸ್ಥಳೀಯ ಸ್ವಯಮಾಡಳಿತದ ನಿರ್ಣಯ ಹೊರಡಿಸಿದರು. ಜನರಿಗೆ ರಾಜಕೀಯ ಶಿಕ್ಷಣ ಸಿಗಬೇಕು ಎಂಬ ಆಶಯ ಅದರಲ್ಲಿತ್ತು. ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡು ಬಂದವು. ಹಳ್ಳಿಯವರೆಗೆ ಅದು ಇಳಿಯಲು ಇನ್ನೂ ನಲವತ್ತು ವರ್ಷಕ್ಕೂ ಮೇಲೆ ಹಿಡಿಯಿತು.

ಮೈಸೂರು ಸಂಸ್ಥಾನದಲ್ಲಿ ಸರ್. ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ (1912-1918) ಗ್ರಾಮಾಭಿವೃದ್ಧಿ ಯೋಜನೆ ತಂದರು. ಊರಿಗೊಂದು ಸಮಿತಿ, ಊರಿನವರ ದುಡಿಮೆ ಮತ್ತು ವಂತಿಗೆ, ಜೊತೆಗೆ ಸರ್ಕಾರದ ನೆರವು. ಆಮೇಲೆ 1926ರಲ್ಲಿ ಗ್ರಾಮ ಪಂಚಾಯಿತಿ ರೆಗ್ಯುಲೇಷನ್ ಬಂತು.

ಇಲ್ಲಿ ಸಹಕಾರಿಗಳಾದ ನಾವು ಸ್ವಲ್ಪ ಹೆಮ್ಮೆ ಪಡಬಹುದು. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ಮೈಸೂರಿನ ಹಳ್ಳಿಗಳಿಗೆ ಪಂಚಾಯಿತಿ ರೆಗ್ಯುಲೇಷನ್ ಬರುವುದಕ್ಕೆ ಇಪ್ಪತ್ತೊಂದು ವರ್ಷ ಮೊದಲೇ ಹಳ್ಳಿಯ ಜನ ಷೇರು ಹಾಕಿ, ಸಭೆ ಕೂಡಿ, ಲೆಕ್ಕ ಓದಿಸಿ ಕೇಳಲು ಕಲಿತಿದ್ದರು ಎಂದಾಯಿತು.

1956ರ ಏಕೀಕರಣದ ಹೊತ್ತಿಗೆ ಮುಂಬಯಿ ಕಡೆ ಒಂದು ಪಂಚಾಯಿತಿ ಕಾಯಿದೆ, ಹೈದರಾಬಾದ್ ಕಡೆ ಒಂದು, ಮದ್ರಾಸ್ ಕಡೆ ಒಂದು, ಮೈಸೂರಿಗೆ ಒಂದು. ಇವನ್ನೆಲ್ಲ ಒಟ್ಟುಗೂಡಿಸಿ 1959ರ ಕಾಯಿದೆ ಬಂತು. ಆ ಕಾಲದ ಪಂಚಾಯಿತಿ ಛೇರ್ಮನ್ನರ ಬಗ್ಗೆ ಹಿರಿಯರು ಈಗಲೂ ಕಥೆ ಹೇಳುತ್ತಾರೆ. ಮನೆ ಕಂದಾಯ ವಸೂಲಿಗೆ ಹೋದರೆ ಮನೆಯವರು ಹಿತ್ತಲ ಬಾಗಿಲಿನಿಂದ ಹೊರಡುತ್ತಿದ್ದರಂತೆ. ನಂತರ 1983ರ ಕಾಯಿದೆ. ಅದರ ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ, ಹೆಂಗಸರಿಗೆ ಶೇಕಡಾ 25 ಮೀಸಲಾತಿ. ಇದರ ಹಿಂದೆ ನಿಂತವರು ಅಬ್ದುಲ್ ನಜೀರ್ ಸಾಬ್. ಊರೂರಿಗೆ ಬೋರ್‌ವೆಲ್ ಕೊರೆಸಿದ ಅವರನ್ನು ಜನ ನೀರ್ ಸಾಬ್ ಎಂದೇ ಕರೆದರು. 1988ರಲ್ಲಿ ಅವರು ತೀರಿಕೊಂಡರು, 1992ರಲ್ಲಿ ಆ ಪಂಚಾಯಿತಿಗಳೂ ಮುಗಿದವು.

ಈಗ ನಡೆಯುತ್ತಿರುವುದು 1993ರ ಪಂಚಾಯತ್ ರಾಜ್ ಕಾಯಿದೆ. ಸಂವಿಧಾನದ 73ನೆಯ ತಿದ್ದುಪಡಿಯ ಹಿಂದೆಯೇ ಬಂದದ್ದು. ಅದರ 199ನೆಯ ಪ್ರಕರಣದಲ್ಲಿ ಗ್ರಾಮ ಪಂಚಾಯಿತಿಗೆ ಕಟ್ಟಡಗಳ ಮೇಲೆ, ಬೇಸಾಯದ ಕಂದಾಯಕ್ಕೆ ಒಳಪಡದ ಜಾಗಗಳ ಮೇಲೆ ತೆರಿಗೆ ಹಾಕುವ ಅಧಿಕಾರವಿದೆ. ಸಂತೆ ಶುಲ್ಕ, ನೀರಿನ ದರ ಬೇರೆ. ಮನೆ ಕಂದಾಯದ ಹಳೆಯ ರಸೀದಿಗಳನ್ನು ತೆಗೆದು ನೋಡಿದರೆ ತೆರಿಗೆಯ ಕೆಳಗೆ ನಾಲ್ಕು ಸಣ್ಣ ಬಾಬ್ತುಗಳು ಕಾಣುತ್ತವೆ. ಆರೋಗ್ಯ ಕರ ಶೇಕಡಾ 15, ಶಿಕ್ಷಣ ಕರ ಶೇಕಡಾ 10, ಗ್ರಂಥಾಲಯ ಕರ ಶೇಕಡಾ 6, ಭಿಕ್ಷುಕರ ಕರ ಶೇಕಡಾ 3. ನೂರು ರೂಪಾಯಿ ತೆರಿಗೆ ಇದ್ದರೆ ಮೇಲೆ ಮೂವತ್ತನಾಲ್ಕು ರೂಪಾಯಿ. ಊರಿನ ಗ್ರಂಥಾಲಯಕ್ಕೆ ಪೇಪರ್ ಓದಲು ಹೋಗುವವರಿಗೆ ತಾವು ಅದಕ್ಕೂ ದುಡ್ಡು ಕೊಟ್ಟಿದ್ದೇವೆ ಅಂತ ಗೊತ್ತಿರುವುದು ಅನುಮಾನ.

ಸರ್ಕಾರದಿಂದ ಅನುದಾನ ಬರುತ್ತದಲ್ಲ, ಈ ಚಿಲ್ಲರೆ ಕಾಸು ಯಾಕೆ ಎಂದು ಕೇಳುವವರಿದ್ದಾರೆ. ಬರುವುದು ನಿಜ. ಹದಿನಾಲ್ಕನೆಯ ಹಣಕಾಸು ಆಯೋಗದ ದುಡ್ಡು 2015ರಿಂದ 2020ರವರೆಗೆ ನೇರವಾಗಿ ಗ್ರಾಮ ಪಂಚಾಯಿತಿಗೇ ಬಂತು. ಅದರಲ್ಲೂ ಹತ್ತನೇ ಒಂದು ಭಾಗ ಸಿಗಬೇಕಾದರೆ ಲೆಕ್ಕ ಪರಿಶೋಧನೆ ಆಗಿರಬೇಕು, ಸ್ವಂತ ವರಮಾನ ಹೆಚ್ಚಿಸಿ ತೋರಿಸಬೇಕು ಎಂಬ ಷರತ್ತಿತ್ತು. ಹದಿನೈದನೆಯ ಆಯೋಗ ಬಂದಾಗ ಶೇಕಡಾ 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೇ ಎಂದು ಕಟ್ಟುಹಾಕಿದರು. ಬೀದಿ ದೀಪ, ಪಂಪ್‌ಸೆಟ್ಟಿನ ಕರೆಂಟ್ ಬಿಲ್ಲಿಗೆ ಒಂದಷ್ಟು ಮುರಿದುಕೊಳ್ಳುತ್ತಾರೆ. ಹೀಗೆ ಮೇಲಿಂದ ಬರುವ ರೂಪಾಯಿಗೆಲ್ಲ ಹಣೆಬರಹ ಮೊದಲೇ ಬರೆದಿರುತ್ತದೆ. ಊರಿಗೆ ಬೇಕಾದಂತೆ ಖರ್ಚು ಮಾಡಬಹುದಾದ ದುಡ್ಡು ಮನೆ ಕಂದಾಯ, ನೀರಿನ ಕಂದಾಯ, ಮಳಿಗೆ ಬಾಡಿಗೆ, ಇಷ್ಟೇ.

ಕೆಲವು ವರ್ಷದ ಹಿಂದೆ ನಮ್ಮಲ್ಲೇ ನಡೆದದ್ದನ್ನು ಹೇಳಬೇಕು. ಯಾವ ಪಂಚಾಯಿತಿ, ಯಾವ ಸದಸ್ಯರು ಎಂಬುದು ಬೇಡ. ಮನೆ ಕಂದಾಯ ಪರಿಷ್ಕರಣೆ ವಿಷಯ ಸಭೆಗೆ ಬಂತು. ಹಳೆಯ ಹೆಂಚಿನ ಮನೆಗೂ, ಅದನ್ನು ಕೆಡವಿ ಎಬ್ಬಿಸಿದ ಎರಡಂತಸ್ತಿನ ತಾರಸಿ ಮನೆಗೂ ರಿಜಿಸ್ಟರಿನಲ್ಲಿ ಒಂದೇ ಕಂದಾಯ ನಡೆದುಬಂದಿತ್ತು. ಸರಿ ಮಾಡಬೇಕು ಅಂತ ಎಲ್ಲರೂ ಒಪ್ಪಿದರು. ಚುನಾವಣೆ ಹತ್ತಿರ ಇದೆ, ಆಮೇಲೆ ನೋಡೋಣ ಅಂತಲೂ ಎಲ್ಲರೂ ಒಪ್ಪಿದರು. ಅದೇ ಬೇಸಿಗೆಯಲ್ಲಿ ನಾಲ್ಕೈದು ತಿಂಗಳು ಸಂಬಳವಿಲ್ಲದ ವಾಟರ್‌ಮನ್ ಒಂದು ಬೆಳಿಗ್ಗೆ ವಾಲ್ವ್ ತಿರುಗಿಸಲು ಬರಲಿಲ್ಲ. ಮೂರು ದಿನ ನಲ್ಲಿಯಲ್ಲಿ ನೀರಿಲ್ಲ. ನಾಲ್ಕನೆಯ ದಿನ ಸಂಜೆ ಅರಳಿಕಟ್ಟೆಯಲ್ಲಿ ಸೇರಿ ಮನೆಗೆ ಐವತ್ತು ರೂಪಾಯಿ ವಂತಿಗೆ ಅಂತ ಮಾಡಿದೆವು. ದೀಪ ಹಚ್ಚುವ ಹೊತ್ತಿಗೆ ದುಡ್ಡು ಸೇರಿತ್ತು. ಎಷ್ಟೋ ಮನೆಗಳ ಇಡೀ ವರ್ಷದ ಕಂದಾಯ ಆ ಐವತ್ತಕ್ಕಿಂತ ಹೆಚ್ಚಿರಲಿಲ್ಲ, ಅದನ್ನೇ ವರ್ಷಗಟ್ಟಲೆ ಬಾಕಿ ಇಟ್ಟವರು ಆವತ್ತು ಜೇಬಿನಿಂದ ತೆಗೆದು ಕೊಟ್ಟರು.

ನಮ್ಮೂರ ಜನ ಎಷ್ಟು ಒಳ್ಳೆಯವರು ಅಂತ ಆ ರಾತ್ರಿ ನಾವೆಲ್ಲ ಹಿಗ್ಗಿದೆವು. ಆಮೇಲೆ ಯೋಚಿಸಿದಾಗ ಒಂದು ವಿಷಯ ಚುಚ್ಚಿತು. ಒಂದೇ ಅಂಕಣದ ಮನೆಯಲ್ಲಿ ಕೂಲಿ ಮಾಡಿಕೊಂಡು ಒಬ್ಬರೇ ಇರುವ ಅಜ್ಜಿಯೂ ಐವತ್ತು ಕೊಟ್ಟಿದ್ದರು, ಎರಡಂತಸ್ತಿನ ಮನೆಯ ಯಜಮಾನರೂ ಐವತ್ತೇ ಕೊಟ್ಟಿದ್ದರು. ವಂತಿಗೆಯ ದೋಷ ಇದು. ಮನೆಯ ಬೆಲೆ ನೋಡಿ ಹಾಕುವ ಕಂದಾಯ ಸರಿಯಾಗಿ ನಡೆದಿದ್ದರೆ ಅಜ್ಜಿಯ ಪಾಲಿಗೆ ಅಷ್ಟು ಬರುತ್ತಿರಲಿಲ್ಲ. ಕಂದಾಯ ಏರಿಸಲು ಹಿಂಜರಿದ ಸದಸ್ಯರು ಬಡವರ ಮೇಲೆ ಹೊರೆ ಬೇಡ ಎಂದಿದ್ದರು. ಹೊರೆ ಬಿದ್ದದ್ದು ಬಡವರ ಮೇಲೆಯೇ.

ತೆರಿಗೆ ಏರಿಸುವ ಪ್ರಶ್ನೆಯನ್ನು ನೇರವಾಗಿ ಮತದಾರರ ಮುಂದೆಯೇ ಇಡುವ ಊರುಗಳೂ ಪ್ರಪಂಚದಲ್ಲಿವೆ. ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಅನೇಕ ಸಣ್ಣ ಊರುಗಳಲ್ಲಿ ವರ್ಷಕ್ಕೊಮ್ಮೆ ಮತದಾರರೆಲ್ಲ ಸಭೆ ಸೇರಿ ಊರಿನ ಆಯವ್ಯಯವನ್ನು ಒಪ್ಪುವ ಪದ್ಧತಿ ಇಂಗ್ಲಿಷರ ವಸಾಹತು ಕಾಲದಿಂದ ಇದೆ. 1980ರ ನವೆಂಬರಿನಲ್ಲಿ ಆ ರಾಜ್ಯದ ಜನ ಮತ ಹಾಕಿ ಒಂದು ಕಾಯಿದೆ ತಂದರು. ಊರು ಎತ್ತುವ ಒಟ್ಟು ಆಸ್ತಿ ತೆರಿಗೆ, ಹೊಸ ಕಟ್ಟಡಗಳದ್ದು ಬಿಟ್ಟು, ವರ್ಷಕ್ಕೆ ಶೇಕಡಾ ಎರಡೂವರೆಗಿಂತ ಹೆಚ್ಚು ಏರಬಾರದು. ಏರಿಸಲೇಬೇಕಾದರೆ ಊರಿನ ಚುನಾವಣೆಯಲ್ಲಿ ಮತದಾರರನ್ನು ಕೇಳಬೇಕು. ಅದಕ್ಕೆ ಅಲ್ಲಿ ಓವರ್‌ರೈಡ್ ಎನ್ನುತ್ತಾರೆ. ಮೇಷ್ಟರುಗಳನ್ನು ಉಳಿಸಿಕೊಳ್ಳಲು, ಬೆಂಕಿ ಆರಿಸುವ ದಳಕ್ಕೆ, ಗ್ರಂಥಾಲಯಕ್ಕೆ ಹೀಗೆ ಕೇಳುತ್ತಾರೆ. ಪಿಂಚಣಿಯಲ್ಲಿ ಬದುಕುವ ಮುದುಕರು ನಮ್ಮಿಂದಾಗದು ಎನ್ನುತ್ತಾರೆ, ಮಕ್ಕಳೊಂದಿಗರು ಆಗಲಿ ಎನ್ನುತ್ತಾರೆ. ಕೆಲವು ಕಡೆ ಗೆಲ್ಲುತ್ತದೆ. ಸೋತ ಕಡೆ ನೌಕರರನ್ನು ಇಳಿಸುತ್ತಾರೆ, ಗ್ರಂಥಾಲಯ ತೆರೆಯುವ ಗಂಟೆ ಕಡಿಮೆಯಾಗುತ್ತದೆ. ಉಳ್ಳವರ ಊರಿಗೆ ಇದು ಸುಲಭ, ಇಲ್ಲದವರ ಊರಿಗೆ ಕಷ್ಟ ಎಂಬ ದೂರೂ ಅಲ್ಲಿದೆ. ಆ ಕಾಯಿದೆ ನಮಗೆ ಬೇಕೆಂದು ನಾವು ಹೇಳುತ್ತಿಲ್ಲ. ತೆರಿಗೆ ಏರದಿದ್ದರೆ ಯಾವುದು ನಿಲ್ಲುತ್ತದೆ ಎಂಬುದು ಮತ ಹಾಕುವ ಮುಂಚೆಯೇ ಅವರ ಮುಂದೆ ಇರುತ್ತದೆ. ನಮಗೆ ಅದು ಗೊತ್ತಾದದ್ದು ನಲ್ಲಿ ಒಣಗಿದ ಮೇಲೆ.

2013ರ ನಂತರ ಇ-ಸ್ವತ್ತು ಬಂದು ವಸೂಲಿಯ ರೀತಿ ಬದಲಾಯಿತು. ನಮೂನೆ 9, ನಮೂನೆ 11 ಬೇಕಾದರೆ ಕಂದಾಯದ ಬಾಕಿ ಚುಕ್ತಾ ಆಗಿರಬೇಕು. ಸಂಘದಲ್ಲಿ ಮನೆ ಅಡಮಾನ ಸಾಲಕ್ಕೆ ಬಂದವರನ್ನು ಕಾರ್ಯದರ್ಶಿಗಳು ಆ ಕಾಗದ ತನ್ನಿ ಎಂದು ಕಳಿಸುತ್ತಾರೆ, ಅವರು ಎಂಟು ಹತ್ತು ವರ್ಷದ ಬಾಕಿ ಒಂದೇ ಸಲ ಕಟ್ಟಿ ಗೊಣಗುತ್ತಾ ಬರುತ್ತಾರೆ. ವಸೂಲಿ ಸುಧಾರಿಸಿತು. ಆದರೆ ಸಾಲದ ಕಾಗದಕ್ಕೆ ಕಟ್ಟಿದ ಶುಲ್ಕದ ಹಾಗೆ ಕಟ್ಟಿದವರು ಗ್ರಾಮಸಭೆಗೆ ಬಂದು, ನಮ್ಮ ದುಡ್ಡು ಏನಾಯ್ತು ಅಂತ ಕೇಳುವುದಿಲ್ಲ. ಗ್ರಾಮಸಭೆಯ ದಿನ ಬರುವವರು ಮನೆ ಮಂಜೂರಾತಿಯ ಪಟ್ಟಿ ನೋಡಲು ಬರುತ್ತಾರೆ, ಪಟ್ಟಿ ಓದಿದ ಮೇಲೆ ಶಾಮಿಯಾನದ ಕೆಳಗೆ ಕುರ್ಚಿಗಳಷ್ಟೇ ಉಳಿಯುತ್ತವೆ.

ಈ ಲೇಖನಕ್ಕೆಂದು ನಾವು ಪಂಚಾಯಿತಿಗೆ ಹೋಗಿ ಅಂದಾಜು ಪತ್ರಿಕೆಯ ಪ್ರತಿ ಕೇಳಿದೆವು. ಯಾವ ಇಲಾಖೆಯಿಂದ ಬಂದಿದ್ದೀರಿ ಎಂದು ಅಲ್ಲಿದ್ದವರು ಕೇಳಿದರು. ಊರಿನವರೇ ಎಂದಾಗ ಕೂರಿಸಿ, ಕಡತ ಹುಡುಕಿ ಕೊಟ್ಟರು, ಟೀ ಕೂಡ ತರಿಸಿದರು. ಬಿಲ್ ಕಲೆಕ್ಟರ್ ರಿಜಿಸ್ಟರ್ ತಿರುವಿ, ತಮ್ಮದೂ ಎರಡು ವರ್ಷದ್ದು ಬಾಕಿ ಇದೆ ಸಾರ್ ಎಂದರು. ಕಟ್ಟಿ ರಸೀದಿ ತೆಗೆದುಕೊಂಡು ಬಂದೆವು. ಅಂದಾಜು ಪತ್ರಿಕೆಯ ಆ ಪ್ರತಿ ಸಂಘದ ಕಚೇರಿಯ ಬೀರುವಿನಲ್ಲಿದೆ, ನೋಡಬಯಸುವ ಸದಸ್ಯರು ಕಾರ್ಯದರ್ಶಿಗಳನ್ನು ಕೇಳಿ ಪಡೆಯಬಹುದು.