ಕರಾವಳಿಯ ಬ್ಯಾಂಕು, ಬೆಂಗಳೂರಿನ ದಲ್ಲಾಳಿ

ದಕ್ಷಿಣ ಕನ್ನಡವನ್ನು ಬ್ಯಾಂಕುಗಳ ತವರೆನ್ನುವುದು ವಾಡಿಕೆ. ಆ ತವರಿನ ಕೆನರಾ, ಸಿಂಡಿಕೇಟ್ ಬ್ಯಾಂಕುಗಳು 1969ರಲ್ಲಿ, ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳು 1980ರಲ್ಲಿ ಸರಕಾರದ ಕೈಸೇರಿದವು. ಈ ಸಾಲಿನಲ್ಲಿ ಖಾಸಗಿಯಾಗಿ ಉಳಿದುದು 1924ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕರ್ಣಾಟಕ ಬ್ಯಾಂಕು.

ಅದರ ಕೆಲವು ಷೇರು ಕೊಳ್ಳಬೇಕೆಂದು ನಾನು ಆನ್‌ಲೈನ್ ದಲ್ಲಾಳಿಗಳನ್ನು ಹೋಲಿಸಹೊರಟೆ. ಈ ಹೋಲಿಕೆಗೂ ಒಂದು ಚರಿತ್ರೆಯಿದೆ. ಷೇರು ಕಾಗದವಾಗಿದ್ದಾಗ ವರ್ಗಾವಣೆ ಪತ್ರದ ಸಹಿ ತಾಳೆಯಾಗದಿದ್ದರೆ ಕಂತೆಯೇ ಹಿಂದಕ್ಕೆ ಬರುತ್ತಿತ್ತು. ಆಗ ದಲ್ಲಾಳಿಯ ದರಕ್ಕಿಂತ ಅವನ ನಂಬಿಕೆಯೇ ದೊಡ್ಡದು. 1996ರ ಡಿಪಾಸಿಟರಿ ಕಾಯಿದೆ ಆ ಕಾಗದವನ್ನು ಲೆಕ್ಕದ ನಮೂದಾಗಿಸಿತು. 2010ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜೆರೋಧಾ, ಕೊಂಡು ಇಟ್ಟುಕೊಳ್ಳುವ ಷೇರಿನ ದಲ್ಲಾಳಿ ಶುಲ್ಕವನ್ನೇ 2015ರಲ್ಲಿ ಬಿಟ್ಟುಕೊಟ್ಟಿತು. ಇನ್ನು ದರಪಟ್ಟಿಯ ಮೊದಲ ಸಾಲು ನೋಡಿ ಆರಿಸುವುದು ಗಾಜಿನ ಬೀರು ನೋಡಿ ಸೀರೆ ಕೊಂಡಂತೆ. ಹತ್ತು ಷೇರು ಕೊಂಡು ಹತ್ತು ವರ್ಷ ಇಡುವವನಿಗೆ ವರ್ಷವರ್ಷದ ಖಾತೆ ಶುಲ್ಕವೇ ಭಾರ.

ಹಳೆಯ ನಂಬಿಕೆಯ ಪ್ರಶ್ನೆಯೂ ಸತ್ತಿಲ್ಲ. ಹೈದರಾಬಾದಿನ ಕಾರ್ವಿ ಸಂಸ್ಥೆ ಗ್ರಾಹಕರ ಷೇರುಗಳನ್ನೇ ಒತ್ತೆಯಿಟ್ಟು ಸಾಲ ಎತ್ತಿದ್ದುದು 2019ರಲ್ಲಿ ಬಯಲಾಯಿತು. ಗ್ರಾಹಕರು ಬರೆದುಕೊಟ್ಟಿದ್ದ ಅಧಿಕಾರಪತ್ರವೇ ಅದಕ್ಕೆ ಬಾಗಿಲಾಗಿತ್ತು. ಆದುದರಿಂದ ನಾನು ದರಕ್ಕಿಂತ ಮುಂಚೆ ವಿಚಾರಿಸಿದ್ದು ಆ ಪತ್ರವನ್ನು. ಅದಿಲ್ಲದೆಯೂ ಆದೀತೆಂದವರಲ್ಲಿ ಖಾತೆ ತೆರೆದೆ.